ಪಾಪ್ ಚಾರ್ಟಿನ ವಾರದ ಏರಿಳಿತವನ್ನು ಓದುವುದು ಹೇಗೆ?

ಆ ವಾರದ ಜನಪ್ರಿಯ ಹಾಡುಗಳಿಗೆ ಕ್ರಮವಾಗಿ ಸ್ಥಾನ ಕೊಡುವ ಪಟ್ಟಿಯೇ ಪಾಪ್ ಚಾರ್ಟ್. ಅದರಲ್ಲಿ ಹಾಡೊಂದು 12ನೇ ಸ್ಥಾನದಿಂದ 31ಕ್ಕೆ ಇಳಿದ ಕೂಡಲೇ ಕೇಳುಗರು ಅದನ್ನು ಕೈಬಿಟ್ಟರೆಂದು ಬರೆಯುವವರನ್ನೂ, 60ರಿಂದ 25ಕ್ಕೆ ಏರಿದ ಕೂಡಲೇ ಅದಕ್ಕೆ ಅದೃಷ್ಟ ಖುಲಾಯಿಸಿತೆಂದು ಸಂಭ್ರಮಿಸುವವರನ್ನೂ ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ನಿಜವಾಗಿ ಮೊದಲನೆಯ ಹಾಡು ಏರಿರಬಹುದು, ಎರಡನೆಯದು ಜಾರಿರಬಹುದು. ಚಾರ್ಟಿನಲ್ಲಿ ಸ್ಥಾನವೆಂಬುದು ಅಕ್ಕಪಕ್ಕದ ಹಾಡುಗಳನ್ನು ನೋಡಿ ಕೊಡುವ ಸಂಖ್ಯೆ. ಅದನ್ನು ತೂಕದ ಅಳತೆಯೆಂದು ತಿಳಿಯುವುದರಿಂದಲೇ ಈ ಎಡವಟ್ಟು ಆಗುತ್ತದೆ.

ಮೊದಲು, ಕೈಯಲ್ಲಿರುವುದು ಯಾವ ಪಟ್ಟಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. 1958ರ ಆಗಸ್ಟ್‌ನಲ್ಲಿ ಆರಂಭವಾದ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯು ಬಿಡಿ ಹಾಡುಗಳ ಸ್ಟ್ರೀಮಿಂಗ್, ರೇಡಿಯೊ ಪ್ರಸಾರ ಮತ್ತು ಮಾರಾಟ ಮೂರನ್ನೂ ಕೂಡಿಸಿ ತಯಾರಾಗುತ್ತದೆ. ಬಿಲ್‌ಬೋರ್ಡ್ 200 ಆಲ್ಬಂಗಳದ್ದು, ಅದರಲ್ಲಿ ರೇಡಿಯೊ ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಅಧಿಕೃತ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಗೂ ಮಾರಾಟ ಮತ್ತು ಸ್ಟ್ರೀಮಿಂಗ್ ಮಾತ್ರ ಬೇಕು. ಆದ್ದರಿಂದ ಕೇಳುಗರಿಗೆ ಹಳತಾದರೂ ರೇಡಿಯೊ ಬಿಡದ ಹಾಡು ಲಂಡನ್ನಿನ ಪಟ್ಟಿಯಲ್ಲಿ ಇಳಿಯುತ್ತಿರುವಾಗಲೇ ಹಾಟ್ 100ರಲ್ಲಿ ಗಟ್ಟಿಯಾಗಿ ನಿಂತಿರುವುದುಂಟು. ಡೌನ್‌ಲೋಡ್ ಅಂಗಡಿಗಳ ಮುಖಪುಟದಲ್ಲಿ ಗಂಟೆಗೊಮ್ಮೆ ಬದಲಾಗುವ ಪಟ್ಟಿಗಳನ್ನೂ, ವಾರದ ನಡುವೆ ಹರಿದಾಡುವ ‘ಅಂದಾಜು ಚಾರ್ಟು’ಗಳನ್ನೂ ಈ ಕೆಲಸಕ್ಕೆ ಮುಟ್ಟಲೇಬೇಡಿ.

ಎರಡನೆಯದು ದಿನಾಂಕ. 2015ರ ಜುಲೈನಲ್ಲಿ ಶುಕ್ರವಾರವು ಹೊಸ ಸಂಗೀತದ ಜಾಗತಿಕ ಬಿಡುಗಡೆಯ ದಿನವಾದ ಮೇಲೆ, ಎರಡೂ ದೇಶಗಳಲ್ಲಿ ಲೆಕ್ಕದ ವಾರವು ಶುಕ್ರವಾರ ಆರಂಭವಾಗಿ ಗುರುವಾರ ಮುಗಿಯುತ್ತದೆ. ಆದರೆ, ಉದಾಹರಣೆಗೆ, 1ನೇ ತಾರೀಖು ಶುಕ್ರವಾರವಾಗಿದ್ದು 1ರಿಂದ 7ನೇ ತಾರೀಖಿನವರೆಗಿನ ಲೆಕ್ಕವು ಬ್ರಿಟನ್ನಿನಲ್ಲಿ 8ನೇ ತಾರೀಖಿನ ಶುಕ್ರವಾರವೇ ಹೊರಬಿದ್ದರೆ, ಬಿಲ್‌ಬೋರ್ಡ್ ಅದೇ ಲೆಕ್ಕವನ್ನು 12ರ ಮಂಗಳವಾರ ಪೂರ್ತಿಯಾಗಿ ಪ್ರಕಟಿಸಿ, ಅದರ ನೆತ್ತಿಯ ಮೇಲೆ 16ರ ಶನಿವಾರದ ತಾರೀಖನ್ನು ಹಾಕುತ್ತದೆ. ಹೀಗಾಗಿ ಪಟ್ಟಿಯ ಮೇಲಿನ ತಾರೀಖನ್ನು ಬಿಟ್ಟು, ಲೆಕ್ಕ ಮುಗಿದ ಗುರುವಾರವನ್ನು ಬರೆದುಕೊಳ್ಳುವುದೇ ಸರಿ. ಬುಧವಾರ ಬಿಡುಗಡೆಯಾದ ಹಾಡು ಮೊದಲ ವಾರ ಎರಡೇ ದಿನದ ಬಲದಿಂದ ಪಟ್ಟಿ ಸೇರುತ್ತದೆಯಾದ್ದರಿಂದ, ಅದರ ಮರುವಾರದ ಜಿಗಿತಕ್ಕೆ ಬೆರಗಾಗಬೇಕಿಲ್ಲ. 2009ರ ಫೆಬ್ರುವರಿಯಲ್ಲಿ ಕೆಲ್ಲಿ ಕ್ಲಾರ್ಕ್‌ಸನ್ ಅವರ ಹಾಡೊಂದು ಹಾಟ್ 100ರಲ್ಲಿ 97ರಿಂದ ನೇರವಾಗಿ 1ಕ್ಕೆ ಹಾರಿದ್ದೂ ಇಂಥದ್ದೇ ಕಾರಣಕ್ಕೆ. ಮೊದಲ ವಾರ ಅದಕ್ಕೆ ರೇಡಿಯೊ ಪ್ರಸಾರವೊಂದೇ ಆಧಾರವಾಗಿತ್ತು, ಮರುವಾರ ಡೌನ್‌ಲೋಡ್ ಮಾರಾಟವೂ ಬಂದು ಸೇರಿತು.

ಮೂರನೆಯದಾಗಿ, ಹಿಂದಿನ ವಾರದ ಸ್ಥಾನ, ಈವರೆಗಿನ ಗರಿಷ್ಠ ಸ್ಥಾನ ಮತ್ತು ಪಟ್ಟಿಯಲ್ಲಿದ್ದ ವಾರಗಳ ಸಂಖ್ಯೆ ಎಂಬ ಮೂರು ಅಂಕಣಗಳನ್ನು ನೋಡಿಕೊಳ್ಳಿ.

ನಾಲ್ಕನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಏರಿಳಿತಕ್ಕೆ ಅರ್ಥ ಹೇಳುವ ಮೊದಲು ನಿಮ್ಮ ಹಾಡಿನ ಮೇಲೆ ಯಾರು ಬಂದರು, ಯಾರು ಹೋದರು ಎಂದು ಎಣಿಸಬೇಕು. 2022ರ ನವೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಂನ ಹಾಡುಗಳು ಹಾಟ್ 100ರ ಮೊದಲ ಹತ್ತು ಸ್ಥಾನಗಳನ್ನೂ ಒಂದೇ ವಾರದಲ್ಲಿ ಆಕ್ರಮಿಸಿಕೊಂಡಾಗ, ಹಿಂದಿನ ವಾರ ಅಲ್ಲಿದ್ದ ಹಾಡುಗಳು ಒಬ್ಬ ಕೇಳುಗನನ್ನೂ ಕಳೆದುಕೊಳ್ಳದಿದ್ದರೂ ಕೆಳಗಿಳಿಯಲೇಬೇಕಿತ್ತು. ಇದಕ್ಕೆ ನಾನು ಬಳಸುವ ಲೆಕ್ಕ ಬಹಳ ಸರಳ. ನಿಮ್ಮ ಹಾಡು 12ರಿಂದ 31ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಈ ವಾರ ಅದರ ಮೇಲಿರುವ 30 ಹಾಡುಗಳಲ್ಲಿ ಹೊಸದಾಗಿ ಬಂದವು ಮತ್ತು ಮರುಪ್ರವೇಶ ಪಡೆದವು ಸೇರಿ 22 ಇದ್ದರೆ, 31ರಿಂದ ಅಷ್ಟನ್ನು ಕಳೆಯಿರಿ; 9 ಉಳಿಯುತ್ತದೆ. ಹಿಂದಿನ ವಾರ ಅದರ ಮೇಲಿದ್ದು ಈಗ ಪಟ್ಟಿಯಲ್ಲೇ ಇಲ್ಲದ ಹಾಡು ಒಂದಿದ್ದರೆ, 12ರಿಂದ ಆ ಒಂದನ್ನು ಕಳೆದು 11 ಎಂದು ಬರೆಯಿರಿ. ಎರಡೂ ವಾರ ಪಟ್ಟಿಯಲ್ಲಿದ್ದ ಹಾಡುಗಳ ನಡುವೆ ನಿಮ್ಮ ಹಾಡು 11ರಿಂದ 9ಕ್ಕೆ ಏರಿದೆ.

ಜನವರಿಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಡಿಸೆಂಬರ್‌ನಲ್ಲಿ ಹಳೆಯ ಕ್ರಿಸ್‌ಮಸ್ ಹಾಡುಗಳು ಗುಂಪುಗಟ್ಟಿ ಪಟ್ಟಿಗೆ ಮರಳುತ್ತವೆ. 1994ರಲ್ಲಿ ಬಿಡುಗಡೆಯಾಗಿದ್ದ ಮರಾಯಾ ಕ್ಯಾರಿ ಅವರ ಕ್ರಿಸ್‌ಮಸ್ ಹಾಡು ಹಾಟ್ 100ರ ಮೊದಲ ಸ್ಥಾನಕ್ಕೆ ಮೊದಲ ಬಾರಿ ಏರಿದ್ದು 2019ರ ಡಿಸೆಂಬರ್‌ನಲ್ಲಿ. ಹಬ್ಬ ಮುಗಿಯುತ್ತಲೇ ಇವೆಲ್ಲ ಒಟ್ಟಿಗೆ ಜಾಗ ಖಾಲಿ ಮಾಡುತ್ತವೆ. 60ರಲ್ಲಿದ್ದ ಹಾಡಿನ ಮೇಲಿಂದ ಇಂಥ 38 ಹಾಡುಗಳು ಹೊರಟುಹೋದರೆ ಅದು ಸುಮ್ಮನೆ ಕೂತಿದ್ದರೂ 22ಕ್ಕೆ ಬರಬೇಕು. ಮೇಲೆ ಹೊಸದೇನೂ ಬಾರದೆ ಅದು 25ರಲ್ಲಿ ನಿಂತಿದ್ದರೆ, 35 ಸ್ಥಾನಗಳ ಆ ಮೆರವಣಿಗೆಯೊಳಗೆ ಮೂರು ಸ್ಥಾನಗಳ ಜಾರಿಕೆ ಅಡಗಿದೆ. ಹಸಿರು, ಕೆಂಪು ಬಾಣಗಳನ್ನು ತೋರಿಸುವ ಆ್ಯಪ್‌ಗಳು ಇದನ್ನು ಎಂದಿಗೂ ಹೇಳುವುದಿಲ್ಲ. 40ರಿಂದ 20ಕ್ಕೆ ಏರಿದ್ದನ್ನು ಶೇ 50ರ ಬೆಳವಣಿಗೆ ಎಂದು ಲೆಕ್ಕಹಾಕುವವರಿಗಂತೂ ನಾನು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದೇನೆ. ಪಟ್ಟಿಯ ತುದಿಯಲ್ಲಿ ಎರಡು ಹಾಡುಗಳ ನಡುವಿನ ಅಂತರ ದೊಡ್ಡದು, ತಳದಲ್ಲಿ ಕೂದಲೆಳೆಯಷ್ಟು. 1ರಿಂದ 3ಕ್ಕೆ ಇಳಿದ ಹಾಡು 70ರಿಂದ 90ಕ್ಕೆ ಇಳಿದ ಹಾಡಿಗಿಂತ ಹೆಚ್ಚು ಕಳೆದುಕೊಂಡಿರಬಹುದು.

ಲೆಕ್ಕದ ಜೊತೆಗೆ ನಿಯಮಗಳನ್ನೂ ನೋಡಬೇಕು. ಹಾಟ್ 100ರಲ್ಲಿ 20 ವಾರ ಕಳೆದ ಹಾಡು ಇಳಿಮುಖವಾಗಿ 50ಕ್ಕಿಂತ ಕೆಳಗೆ ಹೋದರೆ ಅದನ್ನು ಪಟ್ಟಿಯಿಂದಲೇ ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ 16 ಹಾಡುಗಳು ಮೊದಲ ಇಪ್ಪತ್ತರೊಳಗೆ ನುಗ್ಗಿದ ಬಳಿಕ, ಅದೇ ವರ್ಷ ಒಬ್ಬ ಮುಖ್ಯ ಕಲಾವಿದರಿಗೆ ಮೂರೇ ಹಾಡು ಎಂಬ ಮಿತಿ ಬಂತು. ಅಲ್ಲಿ ಕೆಲವು ವಾರ ಪಟ್ಟಿಯಲ್ಲಿದ್ದು ಸತತ ಮೂರು ವಾರ ಇಳಿಮುಖವಾದ ಹಾಡಿನ ಸ್ಟ್ರೀಮ್‌ಗಳಿಗೆ ಲೆಕ್ಕದಲ್ಲಿ ಅರ್ಧ ಬೆಲೆ ಮಾತ್ರ. ಒಮ್ಮೆಲೇ ಹತ್ತಾರು ಸ್ಥಾನ ಕುಸಿದ ಬ್ರಿಟಿಷ್ ಹಾಡನ್ನು ಕಂಡರೆ ನಾನು ಮೊದಲು ಶಂಕಿಸುವುದು ಇದನ್ನೇ. ಕೇಟ್ ಬುಷ್ ಅವರ 1985ರ ಹಾಡಿಗೆ ಈ ನಿಯಮದಿಂದ ವಿನಾಯಿತಿ ಸಿಕ್ಕ ಮೇಲೆಯೇ ಅದು 2022ರ ಜೂನ್‌ನಲ್ಲಿ ಮೊದಲ ಸ್ಥಾನ ತಲುಪಿತು.

ಇನ್ನು ಆಲ್ಬಂಗಳು. ಬಿಲ್‌ಬೋರ್ಡ್ 200ರಲ್ಲಿ ಎಣಿಸುವುದು ಯೂನಿಟ್‌ಗಳನ್ನು: ಒಂದು ಆಲ್ಬಂ ಮಾರಾಟ ಅಥವಾ ಅದರ ಹತ್ತು ಬಿಡಿ ಹಾಡುಗಳ ಮಾರಾಟ ಒಂದು ಯೂನಿಟ್ಟಿಗೆ ಸಮ. ಸ್ಟ್ರೀಮಿಂಗ್ ಲೆಕ್ಕಕ್ಕೆ ಬಂದ 2014ರಲ್ಲಿ 1,500 ಸ್ಟ್ರೀಮ್‌ಗೆ ಒಂದು ಯೂನಿಟ್ ಇದ್ದರೆ, 2018ರಲ್ಲಿ ಚಂದಾದಾರರ 1,250 ಅಥವಾ ಜಾಹೀರಾತಿನೊಂದಿಗೆ ಉಚಿತವಾಗಿ ಕೇಳಿದ 3,750 ಸ್ಟ್ರೀಮ್ ಎಂದಾಯಿತು. ಅಳತೆಗೋಲೇ ಹೀಗೆ ಬದಲಾಗುವುದರಿಂದ ಬೇರೆ ಬೇರೆ ಕಾಲದ ಯೂನಿಟ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಮುಂಗಡವಾಗಿ ಕಾದಿರಿಸಿದ ಎಲ್‌ಪಿ (ಗ್ರಾಮಫೋನ್ ತಟ್ಟೆ), ಸಿಡಿಗಳೆಲ್ಲ ಮೊದಲ ವಾರವೇ ಲೆಕ್ಕಕ್ಕೆ ಬರುವ ಕಾರಣ ಎರಡನೆಯ ವಾರದ ಕುಸಿತ ಬಹುಮಟ್ಟಿಗೆ ಖಚಿತ, ಅದರಿಂದ ಏನೂ ತಿಳಿಯದು. ಎರಡನೆಯ ವಾರವನ್ನು ಮೂರನೆಯದರೊಂದಿಗೆ ಹೋಲಿಸಿ. ತಿಂಗಳುಗಳ ನಂತರ ಆಲ್ಬಂ ದಿಢೀರನೆ ಮೇಲೆ ಬಂದರೆ, ಹೊಸ ಬಣ್ಣದ ಎಲ್‌ಪಿ ಏನಾದರೂ ಮಾರಾಟಕ್ಕೆ ಬಂದಿದೆಯೇ ಎಂದು ವಿಚಾರಿಸಿ.

ಕಡೆಯದಾಗಿ, ಇವನ್ನೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ, ವಾರಕ್ಕೊಂದು ಸಾಲಿನಂತೆ, ಕೈಯಾರೆ ತುಂಬಿ. ಹಾಡು ಪಟ್ಟಿಯಿಂದ ಹೊರಬಿದ್ದ ವಾರಕ್ಕೆ 101 ಎಂದು ಬರೆಯುವ ಅಭ್ಯಾಸ ಹಲವರಿಗಿದೆ, ಅದು ತಪ್ಪು. 20 ವಾರಗಳ ನಿಯಮದಿಂದ ಹೊರಹೋದ ಹಾಡು, ಆ ನಿಯಮವಿಲ್ಲದಿದ್ದರೆ 51ರಲ್ಲೇ ಇರುತ್ತಿತ್ತೇನೋ. ಆ ಚೌಕವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ‘ನಿಯಮದಿಂದ’ ಎಂದು ಬರೆದಿಡಿ.