ಐದನೆಯವನ ಕೆಲಸ ಯಾರು ಮಾಡಿದರು? ವಿಲ್ಲಾನೋವಾ ಗಾರ್ಡ್‌ಗಳನ್ನು ಹೋಲಿಸಿದ ನನ್ನ ಅನುಭವ

ಜಗಳ ಶುರುವಾಗಿದ್ದು ಊಟಕ್ಕೆ ಕೂತಾಗ. ನನ್ನ ಭಾಮೈದ ಫಿಲಡೆಲ್ಫಿಯಾ ಹತ್ತಿರದ ವಿಲ್ಲಾನೋವಾ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡಿದವನು, ಅದೂ ಸರಿಯಾಗಿ 2018ರಲ್ಲಿ, ಅವರ ಬಾಸ್ಕೆಟ್‌ಬಾಲ್ ಟೀಮು ದೇಶಕ್ಕೇ ಚಾಂಪಿಯನ್ ಆದ ವರ್ಷ. ನಾನು ಕೆಲಸಕ್ಕೆಂದು ಈ ಕಡೆ ಬಂದಿದ್ದು 2004ರಲ್ಲಿ. ಹಾಗಾಗಿ ನನ್ನ ಟೀಮು 2005-06ರ ಟೀಮು, ಅಂಗಳಕ್ಕಿಳಿಯುವ ಐವರಲ್ಲಿ ನಾಲ್ಕು ಗಾರ್ಡ್‌ಗಳನ್ನು, ಅಂದರೆ ಚೆಂಡು ಮೇಲಕ್ಕೆ ತಂದು ಹೊರಗಿನಿಂದ ಆಡುವ ಗಿಡ್ಡ ಆಟಗಾರರನ್ನು, ಒಟ್ಟಿಗೆ ಇಳಿಸಿ ಆಡುತ್ತಿದ್ದ ಟೀಮು. ಅವತ್ತು ಅವನು "ಭಾವ, ನಿಮ್ಮ ಫೋಯ್ ಒಳ್ಳೆ ಆಟಗಾರನೇ, ಇಲ್ಲ ಅನ್ನಲ್ಲ. ಆದ್ರೆ ಬ್ರನ್ಸನ್ ಮುಂದೆ ಯಾವ ಲೆಕ್ಕ?" ಅಂದ. ನನ್ನ ಹೆಂಡತಿ ಇಬ್ಬರಿಗೂ ಸಾರು ಬಡಿಸಿ ಎದ್ದು ಹೋದಳು. ಅವಳಿಗೆ ಗೊತ್ತು, ಇದು ಈಗಲೇ ಮುಗಿಯುವ ಮಾತಲ್ಲ ಅಂತ.

ಮುಗಿಯಲಿಲ್ಲ. ಆ ವಾರದ ಕೊನೆಯಲ್ಲಿ ನಾನು ಎಕ್ಸೆಲ್ ತೆಗೆದು ಕೂತೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಒಂದು ಕಡೆ 2006, ಇನ್ನೊಂದು ಕಡೆ 2018, ಒಬ್ಬೊಬ್ಬರ ಹೆಸರಿನ ಮುಂದೆ ಪ್ರತಿ ಆಟಕ್ಕೆ ಎಷ್ಟು ಪಾಯಿಂಟ್ ಅಂತ ಬರೆದೆ. ರ್‍ಯಾಂಡಿ ಫೋಯ್ 20.5, ಅಲನ್ ರೇ 18.5, ಕೈಲ್ ಲೌರಿ 11. ಈ ಕಡೆ ಜೇಲನ್ ಬ್ರನ್ಸನ್ 18.9. ನೋಡಿದ ಕೂಡಲೇ ಖುಷಿಯಾಗಿ ಭಾಮೈದನಿಗೆ ಫೋಟೋ ಕಳಿಸಿದೆ. ಅವನು ಒಂದೇ ಸಾಲು ಬರೆದ: "ಇಬ್ಬರೂ ಎಷ್ಟೆಷ್ಟು ಶಾಟ್ ಹೊಡೆದು ಅಷ್ಟು ಮಾಡಿದ್ದು, ಅದನ್ನೂ ಹಾಕಿ ಭಾವ." ಹಾಕಿದೆ. ಬ್ರನ್ಸನ್ ಹೊಡೆದ ನೂರು ಶಾಟಿನಲ್ಲಿ 52 ಒಳಗೆ ಹೋಗಿದ್ದವು. ಫೋಯ್‌ದು ನಲವತ್ತರ ಆಸುಪಾಸು. ಖುಷಿ ಅಲ್ಲಿಗೇ ಇಳಿಯಿತು.

ಆದರೆ ಅದೂ ಪೂರ್ತಿ ನ್ಯಾಯ ಅಲ್ಲ. ಎರಡು ಸೀಸನ್‌ಗಳನ್ನು ಪಕ್ಕಪಕ್ಕ ಇಡುವ ಮೊದಲು, ಅವರು ಆಡಿದ್ದು ಒಂದೇ ಆಟವೇ ಅಂತ ಕೇಳಿಕೊಳ್ಳಬೇಕು. ಹೆಸರು ಒಂದೇ, ನಿಯಮ ಬೇರೆ. 2006ರಲ್ಲಿ ಕಾಲೇಜು ಆಟದ ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ಮೇಲೆ ಶಾಟ್ ಹೊಡೆಯಲು ಇರುವ ಗಡುವು, 35 ಸೆಕೆಂಡು. 2015-16ರಿಂದ ಅದು 30 ಸೆಕೆಂಡು. ಮೂರು ಪಾಯಿಂಟಿನ ಗೆರೆ 2006ರಲ್ಲಿ 19 ಅಡಿ 9 ಇಂಚು ದೂರದಲ್ಲಿತ್ತು, 2008-09ರಲ್ಲಿ ಒಂದು ಅಡಿ ಹಿಂದೆ ಹೋಯಿತು. ಅಂದರೆ ನನ್ನ ಹುಡುಗರಿಗೆ ಗೆರೆ ಹತ್ತಿರ, ಅವನ ಹುಡುಗರಿಗೆ ದೂರ. ಇದು ಅವನ ಪರ. ಆದರೆ 2013-14ರಿಂದ, ಡ್ರಿಬಲ್ ಮಾಡುವವನ ಮೈಮೇಲೆ ಕೈಯಿಟ್ಟು ತಡೆದರೆ ಫೌಲ್ ಅಂತ ರೆಫರಿಗಳು ಬಿಗಿ ಮಾಡಿದರು. ಬಾಸ್ಕೆಟ್ ಕೆಳಗೆ ಅರ್ಧ ಚಂದ್ರದ ಗೆರೆಯೊಂದು ಬಂತು, ಅದರೊಳಗೆ ನಿಂತು ಡಿಫೆಂಡರ್ ಚಾರ್ಜ್ ತೆಗೆದುಕೊಳ್ಳುವ (ಅಡ್ಡ ನಿಂತು ಗುದ್ದಿಸಿಕೊಂಡು, ನುಗ್ಗಿದವನ ಮೇಲೇ ಫೌಲ್ ಪಡೆಯುವ) ಹಾಗಿಲ್ಲ. 2006ರಲ್ಲಿ ಲೌರಿ ಒಳಗೆ ನುಗ್ಗಿದರೆ ಈ ಯಾವ ರಕ್ಷಣೆಯೂ ಇರಲಿಲ್ಲ. ಇದು ನನ್ನ ಪರ. ಇದನ್ನೆಲ್ಲ ಒಂದು ನಂಬರಿಗೆ ಇಳಿಸುವ ದಾರಿ ನನಗೆ ಕಾಣಲಿಲ್ಲ, ಸುಮ್ನೆ ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದಿಟ್ಟುಕೊಂಡೆ. ಕೆಳಗಿನ ಯಾವ ಲೆಕ್ಕ ನೋಡುವಾಗಲೂ ಮೊದಲು ಅದು ಕಣ್ಣಿಗೆ ಬೀಳಲಿ ಅಂತ.

ಎರಡನೆಯ ಕೆಲಸ, ಆಟದ ಲೆಕ್ಕ ಬಿಟ್ಟು ಪೊಸೆಷನ್ ಲೆಕ್ಕಕ್ಕೆ ಬಂದೆ. ಪೊಸೆಷನ್ ಅಂದರೆ ಚೆಂಡು ನಿಮ್ಮ ಕೈಗೆ ಬಂದು, ಎದುರಾಳಿ ಕೈಗೆ ಹೋಗುವ ತನಕದ ಒಂದು ಸರದಿ. ಹಳೇ ಆಟಗಳಲ್ಲಿ ಇದನ್ನು ಯಾರೂ ಎಣಿಸಿ ಇಟ್ಟಿರುವುದಿಲ್ಲ, ಆದರೆ ಬಾಕ್ಸ್ ಸ್ಕೋರ್ (ಆಟದ ಅಂಕಿಅಂಶಗಳ ಪಟ್ಟಿ) ಇದ್ದರೆ ಅಂದಾಜು ಮಾಡಬಹುದು. ಹೊಡೆದ ಶಾಟ್‌ಗಳು, ಅದರಲ್ಲಿ ಆಫೆನ್ಸಿವ್ ರಿಬೌಂಡ್ (ನಮ್ಮದೇ ಶಾಟ್ ತಪ್ಪಿ ಪುಟಿದಾಗ ನಮ್ಮವರೇ ಹಿಡಿದ ಚೆಂಡು) ಕಳೆಯಿರಿ, ಟರ್ನೋವರ್ (ಶಾಟ್ ಹೊಡೆಯದೆಯೇ ಕಳೆದುಕೊಂಡ ಚೆಂಡು) ಕೂಡಿಸಿ, ಫ್ರೀ ಥ್ರೋಗಳನ್ನು (ಫೌಲ್ ಆದಾಗ ಸಿಗುವ ಶಾಟ್) 0.475ರಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ 60 ಶಾಟ್, 10 ಆಫೆನ್ಸಿವ್ ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಅಂದುಕೊಳ್ಳಿ. 60ರಲ್ಲಿ 10 ಹೋದರೆ 50, ಅದಕ್ಕೆ 12, ಮೇಲೆ ಒಂಬತ್ತೂವರೆ, ಒಟ್ಟು 71.5 ಸರದಿ. ಆ ಆಟದಲ್ಲಿ 75 ಪಾಯಿಂಟ್ ಮಾಡಿದ್ದರೆ ನೂರು ಸರದಿಗೆ ಸುಮಾರು 105. ಈಗ ನಿಧಾನಕ್ಕೆ ಆಡುವ ಟೀಮನ್ನೂ ಓಡಿ ಆಡುವ ಟೀಮನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು. ಫ್ರೀ ಥ್ರೋ ಗುಣಕ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗ್, ಲೆಕ್ಕದಲ್ಲಿ 0.44. ನಾನು ಮೊದಲ ಎರಡು ದಿನ ಅದನ್ನೇ ಹಾಕಿ ಕೂತಿದ್ದೆ, ಮತ್ತೆ ಎಲ್ಲಾ ತಿದ್ದಬೇಕಾಯಿತು.

ಮೂರು ಪಾಯಿಂಟಿನ ವಿಷಯಕ್ಕೂ ಹೀಗೇ. ಬರೀ ಎಷ್ಟು ಶಾಟ್ ಬಿದ್ದವು ಅಂತ ನೋಡಿದರೆ ದೂರದಿಂದ ಹೊಡೆಯುವ ಗಾರ್ಡ್‌ಗೆ ಅನ್ಯಾಯ, ಅವನ ಶಾಟಿಗೆ ಒಂದೂವರೆ ಪಟ್ಟು ಬೆಲೆ ಇದೆ. ಹಾಗಾಗಿ ಬಿದ್ದ ಶಾಟ್‌ಗಳಿಗೆ, ಅದರಲ್ಲಿನ ಮೂರು ಪಾಯಿಂಟ್ ಶಾಟ್‌ಗಳ ಅರ್ಧವನ್ನು ಸೇರಿಸಿ, ಹೊಡೆದ ಶಾಟ್‌ಗಳಿಂದ ಭಾಗಿಸಬೇಕು. 2017-18ರ ವಿಲ್ಲಾನೋವಾ ಸೀಸನ್ ಪೂರ್ತಿ ಸೇರಿ 464 ಮೂರು ಪಾಯಿಂಟ್ ಶಾಟ್ ಹಾಕಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ದಾಖಲೆ ಮಾಡಿತು. ಅವರು 40 ಆಟ ಆಡಿದರು, ಆಟಕ್ಕೆ 11.6. 2006ರವರು ಆಡಿದ್ದು 33 ಆಟ. ಒಟ್ಟು ಮೊತ್ತ ನೋಡಿ ವಾದ ಮಾಡುವವರಿಗೆ ಇಷ್ಟು ಸಾಕು.

ಈಗ ನಿಜವಾದ ತಲೆನೋವು: ಗಾರ್ಡ್ ಅಂದರೆ ಯಾರು?

ಪಟ್ಟಿಯಲ್ಲಿ ಬರೆದಿರುವುದನ್ನೇ ನಂಬಿದರೆ ಕೆಲಸ ಸುಲಭ. ನಾನೂ ಮೊದಲು ನಂಬಿದೆ. ಆಮೇಲೆ ನಡುವಿನ ವರ್ಷಗಳ ಟೀಮುಗಳನ್ನೂ ನೋಡುವಾಗ 2016ರ ಟೀಮಿನ ಜಾಷ್ ಹಾರ್ಟ್ ಹೆಸರು ಬಂತು. ಗಾರ್ಡ್ ಅಂತ ಬರೆದಿದೆ, ಆದರೆ ಆಟಕ್ಕೆ 6.8 ರಿಬೌಂಡ್ ಹಿಡಿದಿದ್ದಾನೆ. 2018ರ ಮಿಕಾಲ್ ಬ್ರಿಜಸ್ 6 ಅಡಿ 7 ಇಂಚು ಉದ್ದ, ಹೊರಗಿನಿಂದ ಗಾರ್ಡ್ ಹಾಗೆ ಹೊಡೆಯುತ್ತಾನೆ, ಎದುರಾಳಿಯ ಪಾಯಿಂಟ್ ಗಾರ್ಡನ್ನೂ (ಚೆಂಡು ತಂದು ಆಟ ನಡೆಸುವವನು) ಕಾಯುತ್ತಾನೆ, ಅಂದರೆ ಬೆನ್ನುಬಿಡದೆ ತಡೆಯುತ್ತಾನೆ, ಫಾರ್ವರ್ಡನ್ನೂ (ಬಾಸ್ಕೆಟ್ ಹತ್ತಿರ ಆಡುವ ಎತ್ತರದವನು) ಕಾಯುತ್ತಾನೆ. ಅವನನ್ನು ಯಾವ ಕಾಲಮ್ಮಿಗೆ ಹಾಕಲಿ? ಅವನನ್ನು ಸೇರಿಸಿದರೆ ಭಾಮೈದ ಗೆಲ್ಲುತ್ತಾನೆ, ಬಿಟ್ಟರೆ ನಾನು. ಇಷ್ಟು ಸಣ್ಣ ವಿಷಯ ಫಲಿತಾಂಶವನ್ನೇ ತಿರುಗಿಸುತ್ತದೆ ಅಂದರೆ ಲೆಕ್ಕದಲ್ಲೇ ಏನೋ ಎಡವಟ್ಟಿದೆ ಅಂತ ಅನ್ನಿಸಿತು. ಅಲ್ಲಿಗೆ ಎಕ್ಸೆಲ್ ಮುಚ್ಚಿ, ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡು, ಹಳೇ ಆಟಗಳ ರೆಕಾರ್ಡಿಂಗ್ ನೋಡಲು ಶುರು ಮಾಡಿದೆ.

ನೋಟ್‌ಬುಕ್ಕಿನಲ್ಲಿ ಆಟಗಾರರ ಹೆಸರಿನ ಬದಲು ಕೆಲಸಗಳ ಹೆಸರು ಬರೆದೆ. ಚೆಂಡು ಮೇಲಕ್ಕೆ ತರುವವನು ಯಾರು. ಎದುರಾಳಿಯ ಅತಿ ಎತ್ತರದವನನ್ನು ತಡೆದು ನಿಲ್ಲುವವನು ಯಾರು. ಅವನ ಜೊತೆಗಿರುವ ಎರಡನೆಯ ಎತ್ತರದವನನ್ನು ಕಾಯುವವನು ಯಾರು. ಶಾಟ್ ತಪ್ಪಿದಾಗ ಒಳಗೆ ಹೋಗಿ ಎದುರಾಳಿಯನ್ನು ಹಿಂದಕ್ಕೆ ಒತ್ತಿ ಜಾಗ ಹಿಡಿಯುವವನು ಯಾರು. ಬಾಸ್ಕೆಟ್ ಹತ್ತಿರ ಬೆನ್ನು ತಿರುಗಿಸಿ ಆಡುವವನು ಯಾರು. ಬದಲಿ ಆಟಗಾರ ಬಂದಾಗಲೆಲ್ಲ ಒಂದು ಅಡ್ಡಗೆರೆ. ಒಂದು ಆಟ ಮುಗಿಸಲು ನನಗೆ ಮೂರು ಗಂಟೆಗಿಂತ ಜಾಸ್ತಿ ಹಿಡಿಯಿತು. ರಿಬೌಂಡ್ ಯಾರ ಕೈಗೆ ಬಂತು ಅನ್ನುವುದನ್ನು ಬಾಕ್ಸ್ ಸ್ಕೋರ್ ಹೇಳುತ್ತದೆ, ಯಾರು ಅಡ್ಡ ನಿಂತಿದ್ದರಿಂದ ಬಂತು ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ರಿವೈಂಡ್ ಬಟನ್ನೇ ಗತಿ.

2006ರ ಟೀಮು ನಾಲ್ಕು ಗಾರ್ಡ್‌ಗಳನ್ನು ಇಳಿಸಿದ್ದು ಶೋಕಿಗಲ್ಲ. ಕರ್ಟಿಸ್ ಸಂಪ್ಟರ್ ಅನ್ನುವ ಫಾರ್ವರ್ಡ್ 2005ರ ಟೂರ್ನಮೆಂಟಿನಲ್ಲಿ, ಅಂದರೆ ಸೀಸನ್ ಕೊನೆಗೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಟೂರ್ನಮೆಂಟಿನಲ್ಲಿ, ಮಂಡಿಗೆ ಪೆಟ್ಟು ಮಾಡಿಕೊಂಡ. ಮುಂದಿನ ಪಂದ್ಯ ನಾರ್ತ್ ಕೆರೊಲಿನಾ ವಿರುದ್ಧ, ಅವನಿಲ್ಲದೆ ಆಡಿ 67-66ರಲ್ಲಿ, ಒಂದೇ ಪಾಯಿಂಟಿನಲ್ಲಿ ಸೋತರು. ಹೊಸ ಸೀಸನ್ ಶುರುವಾಗುವ ಮೊದಲೇ ಮತ್ತೆ ಮಂಡಿ ಪೆಟ್ಟಾಗಿ ಇಡೀ ವರ್ಷ ಹೊರಗೆ ಕೂತ. ಕೋಚ್ ಜೇ ರೈಟ್ ಕೈಯಲ್ಲಿ ಉಳಿದಿದ್ದು ಫೋಯ್, ರೇ, ಲೌರಿ, ಮೈಕ್ ನಾರ್ಡಿ, ಮತ್ತೆ 6 ಅಡಿ 8 ಇಂಚಿನ ವಿಲ್ ಶೆರಿಡನ್. ನಾಲ್ವರಲ್ಲಿ ಎತ್ತರದವನು ಫೋಯ್, ಅವನೇ 6 ಅಡಿ 4 ಇಂಚು. ಲೌರಿ 6 ಅಡಿ. ಮನೆಯಲ್ಲಿ ಇದ್ದ ಸಾಮಾನಿನಲ್ಲೇ ಅಡುಗೆ ಮಾಡಿದ ಹಾಗೆ.

ಅದೇ ಅಡುಗೆಯಲ್ಲಿ ಅವರು 28 ಗೆದ್ದು 5 ಸೋತರು, ಆಗ 16 ಟೀಮುಗಳಿದ್ದ ಅವರ ಬಿಗ್ ಈಸ್ಟ್ ಲೀಗ್‌ನಲ್ಲಿ 14-2. ಫೆಬ್ರವರಿಯಲ್ಲಿ ದೇಶದ ನಂಬರ್ ಒನ್ ಆಗಿದ್ದ ಕನೆಕ್ಟಿಕಟ್ ಟೀಮನ್ನು 69-64ರಲ್ಲಿ ಸೋಲಿಸಿದರು. ನನ್ನ ನೋಟ್‌ಬುಕ್ಕಿನಲ್ಲಿ "ಎರಡನೆಯ ಎತ್ತರದವನನ್ನು ಕಾಯುವವನು" ಅನ್ನುವ ಸಾಲಿನಲ್ಲಿ ಫೋಯ್ ಹೆಸರು ಎಷ್ಟು ಸಲ ಬಂತು ಅಂದರೆ ಬರೆದು ಬರೆದು ಬರೀ "ಫೋ" ಅಂತ ಹಾಕತೊಡಗಿದೆ. ಅವನು ಎದೆಗೆ ಎದೆ ಕೊಟ್ಟು ತಳ್ಳಾಡಿ ಜಾಗ ಹಿಡಿದು, ಮರುಕ್ಷಣ ಆ ಕಡೆ ಓಡಿ ಶಾಟ್ ಹೊಡೆಯಬೇಕು. ನಲವತ್ತರ ಆಸುಪಾಸಿನ ಶಾಟಿಂಗ್‌ಗೆ ನನಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಅಂದರೆ ಅವನು ಕೆಟ್ಟ ಶಾಟ್‌ಗಳನ್ನೂ ಹೊಡೆಯುತ್ತಿದ್ದ, ಅದನ್ನೂ ಒಪ್ಪಿಕೊಳ್ಳಬೇಕು.

ಟೂರ್ನಮೆಂಟಿನಲ್ಲಿ ಬಾಸ್ಟನ್ ಕಾಲೇಜಿನ ವಿರುದ್ಧ ಓವರ್‌ಟೈಮಿಗೆ ಹೋದ ಆಟ ಮುಗಿದಿದ್ದು 60-59ಕ್ಕೆ, ಕೊನೆ ಕ್ಷಣದಲ್ಲಿ ಎದುರಾಳಿ ಗೋಲ್‌ಟೆಂಡಿಂಗ್ (ಬಾಸ್ಕೆಟ್ ಕಡೆ ಇಳಿಯುತ್ತಿದ್ದ ಚೆಂಡನ್ನು ತಡೆಯುವ ತಪ್ಪು) ಮಾಡಿದ್ದರಿಂದ ಸಿಕ್ಕ ಎರಡು ಪಾಯಿಂಟಿನಿಂದ. ಆ ಶಾಟ್ ಹಾಕಿದವನು ನಾಲ್ಕು ಗಾರ್ಡ್‌ಗಳಲ್ಲಿ ಯಾರೂ ಅಲ್ಲ, ಶೆರಿಡನ್! ನಾಲ್ಕು ಗಾರ್ಡ್‌ಗಳ ಟೀಮು ಅಂತ ಹೊಗಳುವಾಗ ಯಾರೂ ಹೆಸರೆತ್ತದ ಐದನೆಯವನು. ಮುಂದಿನ ಆಟ ಫ್ಲೋರಿಡಾ ಜೊತೆ. ಅಲ್ಲಿ ಜೊಯಾಕಿಮ್ ನೋವಾ ಮತ್ತು ಆಲ್ ಹಾರ್ಫರ್ಡ್, ಇಬ್ಬರೂ ಎತ್ತರದವರು, ಇಬ್ಬರೂ ಚುರುಕು. ನೋವಾ ಒಬ್ಬನೇ 21 ಪಾಯಿಂಟ್, 15 ರಿಬೌಂಡ್. ವಿಲ್ಲಾನೋವಾ ಹೊಡೆದ ಶಾಟ್‌ಗಳಲ್ಲಿ ಕಾಲು ಭಾಗವೂ ಬೀಳಲಿಲ್ಲ, 75-62ಕ್ಕೆ ಸೋತರು. ಫ್ಲೋರಿಡಾ ಆ ವರ್ಷ ಚಾಂಪಿಯನ್ ಆಯಿತು. ಈ ಆಟವನ್ನು ಎರಡನೇ ಸಲ ನೋಡುವ ಮನಸ್ಸು ನನಗಿರಲಿಲ್ಲ, ಆದರೂ ನೋಡಿದೆ.

2009ರದ್ದನ್ನು ಬೇಗ ಮುಗಿಸುತ್ತೇನೆ. ಪಿಟ್ಸ್‌ಬರ್ಗ್ ವಿರುದ್ಧ ಅರ್ಧ ಸೆಕೆಂಡು ಉಳಿದಾಗ ಸ್ಕಾಟಿ ರೆನಾಲ್ಡ್ಸ್ ಓಡಿ ಹಾಕಿದ ಶಾಟ್, 78-76, ಅದು ಯಾರಿಗೂ ಮರೆಯಲ್ಲ. ಆದರೆ ಡಾಂಟೆ ಕನಿಂಗ್‌ಹ್ಯಾಮ್ ಅನ್ನುವ ಗಟ್ಟಿ ಫಾರ್ವರ್ಡ್ ಒಳಗಿದ್ದ, ಗಾರ್ಡ್‌ಗಳು ಗಾರ್ಡ್‌ಗಳ ಕೆಲಸವನ್ನೇ ಮಾಡಿದರು. ನನ್ನ ಪ್ರಶ್ನೆಗೆ ಅಲ್ಲಿ ಹೊಸದೇನೂ ಸಿಗಲಿಲ್ಲ.

2018ಕ್ಕೆ ಬಂದಾಗ ನೋಟ್‌ಬುಕ್ ಬೇರೆಯೇ ಕಥೆ ಹೇಳಿತು. ಒಮಾರಿ ಸ್ಪೆಲ್ಮನ್ 6 ಅಡಿ 9 ಇಂಚಿನವನು, ಆದರೆ ಹೊರಗೆ ನಿಂತು ಮೂರು ಪಾಯಿಂಟ್ ಹೊಡೆಯುತ್ತಾನೆ, ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಬೀಳುತ್ತವೆ. ಎದುರಾಳಿಯ ಸೆಂಟರ್ (ಬಾಸ್ಕೆಟ್ ಕೆಳಗೆ ನಿಲ್ಲುವ ಅತಿ ಎತ್ತರದವನು) ಅವನನ್ನು ಕಾಯಲು ಹೊರಗೆ ಬರಲೇಬೇಕು. ಒಳಗೆ ಖಾಲಿ. ಆ ಖಾಲಿ ಜಾಗಕ್ಕೆ ಹೋಗಿ, ಬೆನ್ನು ತಿರುಗಿಸಿ, ತನ್ನನ್ನು ಕಾಯುವವನನ್ನು ನಿಧಾನಕ್ಕೆ ಹಿಂದಕ್ಕೆ ತಳ್ಳುತ್ತಾ ಆಡುವವನು ಪಾಯಿಂಟ್ ಗಾರ್ಡ್ ಬ್ರನ್ಸನ್! "ಬಾಸ್ಕೆಟ್ ಹತ್ತಿರ ಬೆನ್ನು ತಿರುಗಿಸಿ ಆಡುವವನು" ಅನ್ನುವ ಸಾಲಿನಲ್ಲಿ ಸೆಂಟರ್ ಹೆಸರು ಬರುತ್ತದೆ ಅಂದುಕೊಂಡಿದ್ದೆ, ಬ್ರನ್ಸನ್ ಹೆಸರೇ ಸಾಲುಸಾಲಾಗಿ ಬಂತು. 2006ರಲ್ಲಿ ಗಿಡ್ಡ ಹುಡುಗರು ಡಿಫೆನ್ಸ್‌ನಲ್ಲಿ ವಿಧಿಯಿಲ್ಲದೆ ಎತ್ತರದವನ ಕೆಲಸ ಮಾಡಿದರು. 2018ರಲ್ಲಿ ಗಾರ್ಡ್ ಆಫೆನ್ಸ್‌ನಲ್ಲಿ ಬೇಕೆಂದೇ ಎತ್ತರದವನ ಕೆಲಸ ಮಾಡಿದ, ಎತ್ತರದವನು ಗಾರ್ಡ್ ಕೆಲಸ ಮಾಡಿದ. ಸೆಮಿಫೈನಲ್‌ನಲ್ಲಿ ಕ್ಯಾನ್ಸಸ್ ಮೇಲೆ 18 ಮೂರು ಪಾಯಿಂಟ್ ಶಾಟ್, 95-79. ಫೈನಲ್‌ನಲ್ಲಿ ಮಿಷಿಗನ್ ಮೇಲೆ ಬೆಂಚಿನಿಂದ ಎದ್ದು ಬಂದ ಡಾಂಟೆ ಡಿವಿನ್ಚೆಂಜೊ 31 ಪಾಯಿಂಟ್. ಮೊದಲ ಐವರನ್ನು ಮಾತ್ರ ಹೋಲಿಸುವ ನನ್ನ ಹಳೇ ಎಕ್ಸೆಲ್‌ನಲ್ಲಿ ಈ ಹುಡುಗನಿಗೆ ಜಾಗವೇ ಇರಲಿಲ್ಲ ನೋಡಿ.

ಒಂದು ಎಚ್ಚರಿಕೆ. ಇವರು ಆಮೇಲೆ ಏನಾದರು ಅನ್ನುವುದನ್ನು ಹೋಲಿಕೆಯೊಳಗೆ ಬಿಟ್ಟುಕೊಳ್ಳಬೇಡಿ. ಲೌರಿ 2019ರಲ್ಲಿ ಟೊರಾಂಟೊ ಜೊತೆ ಎನ್‌ಬಿಎ ಗೆದ್ದ, ಬ್ರನ್ಸನ್ ನ್ಯೂಯಾರ್ಕಿನಲ್ಲಿ ದೊಡ್ಡ ಸ್ಟಾರ್ ಆದ. ಆದರೆ 2006ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಫೋಯ್ 7ನೆಯವನು, ಲೌರಿ 24ನೆಯವನು, ರೇಯನ್ನು ಯಾರೂ ಆರಿಸಲೇ ಇಲ್ಲ. ಆ ವರ್ಷ ಆ ಟೀಮಿನ ಮೊದಲ ಹೆಸರು ಲೌರಿ ಅಲ್ಲ. ಹಳೇ ಆಟ ನೋಡುವಾಗ ಕಣ್ಣು ತಾನಾಗಿ ಲೌರಿ ಕಡೆ ಹೋಗುತ್ತಿತ್ತು, ಅದನ್ನು ಎಳೆದು ತರುವುದೇ ಒಂದು ಕೆಲಸ.

ಭಾಮೈದನಿಗೆ ನೋಟ್‌ಬುಕ್ ತೋರಿಸಿದೆ. ಪುಟ ತಿರುಗಿಸಿ "ಸರಿ ಭಾವ, ಗೆದ್ದಿದ್ದು ಯಾರು?" ಅಂದ. ಸೀಸನ್ ಪೂರ್ತಿ ನೋಡಿದರೆ 36-4ರ ಅವನ ಟೀಮೇ ಮೇಲು, ಅದನ್ನು ಬಾಯಿಬಿಟ್ಟು ಹೇಳಿದೆ. ಫೋಯ್‌ಗೆ ಒಬ್ಬ ಸ್ಪೆಲ್ಮನ್ ಸಿಕ್ಕಿದ್ದರೆ ಅನ್ನುವ ಮಾತನ್ನೂ ಸೇರಿಸಿದೆ, ಅವನು ಅದಕ್ಕೆ ನಕ್ಕ.

ಈಗ 2016ರ ಟೀಮಿನ ಪುಟ ತುಂಬುತ್ತಿದ್ದೇನೆ. ಫೈನಲ್‌ನ ಕೊನೆಯ 4.7 ಸೆಕೆಂಡಿಗೆ ಬಂದು ನಿಂತಿದ್ದೇನೆ, 74-74. ಚೆಂಡು ಒಳಗೆ ಕೊಟ್ಟವನು ಫಾರ್ವರ್ಡ್ ಕ್ರಿಸ್ ಜೆಂಕಿನ್ಸ್, ಮೇಲಕ್ಕೆ ತಂದವನು ಗಾರ್ಡ್ ರಯಾನ್ ಆರ್ಚಿಡಿಯಾಕೊನೊ, ಅವನು ಹಿಂದಕ್ಕೆ ಕೊಟ್ಟ ಚೆಂಡನ್ನು ಮೂರು ಪಾಯಿಂಟಿಗೆ ಎತ್ತಿ ಹಾಕಿದವನು ಮತ್ತೆ ಜೆಂಕಿನ್ಸ್. ಅದಕ್ಕೂ ಮೊದಲು, ಟೈಮ್ ಔಟ್ ಮುಗಿದು ಎಲ್ಲರೂ ಒಳಗೆ ಬರುವಾಗ, 6 ಅಡಿ 11 ಇಂಚಿನ ಸೆಂಟರ್ ಡ್ಯಾನಿಯಲ್ ಓಚೆಫು ನೆಲ ಒರೆಸುವವರ ಕೈಯಿಂದ ಮಾಪ್ ತೆಗೆದುಕೊಂಡು, ತಾನು ಸ್ಕ್ರೀನ್ ಕೊಡಬೇಕಾದ (ಎದುರಾಳಿಗೆ ಅಡ್ಡ ನಿಲ್ಲಬೇಕಾದ) ಜಾಗವನ್ನು ತಾನೇ ಒರೆಸಿದ. ಅದನ್ನು ಯಾವ ಸಾಲಿಗೆ ಬರೆಯಬೇಕು ಅಂತ ತಿಳಿಯದೆ, ನೋಟ್‌ಬುಕ್ಕಿನಲ್ಲಿ ಹೊಸದೊಂದು ಸಾಲು ಎಳೆದಿದ್ದೇನೆ.