ಡಿಸೆಂಬರ್‌ನಲ್ಲಿ ದೇವಕುಂಡ: ನಾಲ್ಕನೇ ಸಲಕ್ಕೆ ನೀರು ಸಿಕ್ಕಿತು

"ಚಳಿಗಾಲದಾಗ ದೇವಕುಂಡಕ್ಕ ಹೋಗಿ ಏನ್ ನೋಡ್ತಿಯೋ, ಬರೇ ಬಂಡಿಗಲ್ಲಾ?" ದೇವಕುಂಡ ಅಂದರೆ ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಭಿರಾ ಊರಿನ ಹತ್ತಿರದ ಜಲಪಾತ. ಪುಣೆ ಪಕ್ಕದ ಪಿಂಪ್ರಿಯ ನಮ್ಮ ಬಳಗದಲ್ಲಿ ಮೂರು ವರ್ಷದಿಂದ ಇದೇ ಮಾತು. ಕಳೆದ ಡಿಸೆಂಬರ್ ಮೊದಲ ವಾರ ನಾವು 13 ಜನ ಹೋಗಿ ಬಂದೆವು. ನಮ್ಮ ಅತ್ತೆಗೆ 62, ಮಗಳಿಗೆ 9. ಎಲ್ಲರೂ ನಡೆದೇ ಹೋದರು, ನಡೆದೇ ಬಂದರು. ನೀರು ಧಾರಾಳವಾಗಿ ಬೀಳುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಸಹ್ಯಾದ್ರಿ ಸುತ್ತಿದವರಿಗೆ ಬೂಟು, ಬ್ಯಾಗಿನ ಪಾಠ ಬೇಕಿಲ್ಲ. ದಾರಿಯೂ ಗೊತ್ತಿರುವುದೇ: ಪೌಡ್, ಮುಳಶಿ, ತಾಮ್ಹಿಣಿ ಘಾಟ್ ಇಳಿದು ವಿಳೆ, ಅಲ್ಲಿಂದ ಪಾಟ್ನೂಸ್, ನಡಿಗೆ ಶುರುವಾಗುವ ಭಿರಾ. ನೇರವಾಗಿ ನನ್ನ ಸೋಲುಗಳಿಗೆ ಬರುತ್ತೇನೆ.

ಮೊದಲ ಸಲ ಜುಲೈನಲ್ಲಿ ಹೋಗಿದ್ದೆ. ಮಳೆಗಾಲದಲ್ಲಿ ಅಲ್ಲಿ ಜನ ಕೊಚ್ಚಿಕೊಂಡು ಹೋಗಿದ್ದಾರೆ, ಹಾಗಾಗಿ ಜಿಲ್ಲಾಡಳಿತ ನಿಷೇಧ ಹಾಕುತ್ತದೆ. ನಮ್ಮನ್ನೂ ಊರ ಹತ್ತಿರವೇ ತಡೆದು ವಾಪಸ್ ಕಳಿಸಿದರು. ಸರಿಯಾಗಿಯೇ ಮಾಡಿದರು. ಎರಡನೇ ಸಲ ಜನವರಿ ಕೊನೆ. ಟೆಂಪೊಗೆ ಸುಮಾರು 7,500 ಕೊಟ್ಟು ಹೋದರೆ ಗೋಡೆಯ ಮೇಲೆ ಒಂದು ಜನಿವಾರದಷ್ಟು ನೀರು. ಆ ದಿನ ಟೆಂಪೊದಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ಸಲ ತಿಂಗಳು ಸರಿಯಿತ್ತು, ಹೊತ್ತು ತಪ್ಪಿತು. ಬೆಳಿಗ್ಗೆ 7ಕ್ಕೆ ಪುಣೆ ಬಿಟ್ಟು, ಘಾಟಿನಲ್ಲಿ ಇಬ್ಬರಿಗೆ ವಾಂತಿ ಆಗಿ, ನಡೆಯಲು ಶುರು ಮಾಡಿದಾಗ 11 ದಾಟಿತ್ತು. ಮುಂಚೆ ಮಾತಾಡಿ 500 ಅಡ್ವಾನ್ಸ್ ಕೊಟ್ಟಿದ್ದ ಗೈಡ್ ಬರಲೇ ಇಲ್ಲ. ಬೇರೊಬ್ಬರನ್ನು ಹುಡುಕುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಅರ್ಧ ದಾರಿಯಿಂದ ತಿರುಗಿದೆವು.

ಎಲ್ಲ ಸೇರಿ ಹತ್ತಿರ ಹತ್ತಿರ 20,000 ರೂಪಾಯಿ ಹೋಯಿತು. ಮನೆಯಲ್ಲಿ ಹೆಂಡತಿ ಲೆಕ್ಕ ಬರೆದಿಟ್ಟಿದ್ದಾಳೆ, ನಾನು ನೆನಪಿನಿಂದ ಹೇಳುತ್ತಿದ್ದೇನೆ.

ಈ ಸಲ ಎರಡು ವಿಷಯ ಬದಲಿಸಿದೆ. ಒಂದು, ಕ್ಯಾಲೆಂಡರ್ ಬಿಟ್ಟು ಮಳೆ ನೋಡಿದೆ. ನಮ್ಮ ಕಡೆ ರೈತರು ಹಸ್ತ, ಚಿತ್ತಾ, ಸ್ವಾತಿ ಅಂತ ಮಳೆ ಲೆಕ್ಕ ಹಾಕುತ್ತಾರಲ್ವಾ, ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಜುಲೈ ಮಳೆ ಎಷ್ಟೇ ಹೊಡೆದರೂ ಅದು ಹರಿದು ಹೋಗುವ ಮಳೆ. ಅಕ್ಟೋಬರ್ ನಡುವಿನ ಚಿತ್ತಾ ಮಳೆ ಘಟ್ಟದ ಮೇಲೆ ನಾಲ್ಕೈದು ದಿನ ಚೆನ್ನಾಗಿ ಬಿದ್ದರೆ ಡಿಸೆಂಬರ್‌ಗೆ ನೀರು ಉಳಿಯುತ್ತದೆ. ಈ ಕಪ್ಪು ಬಸಾಲ್ಟ್ ಕಲ್ಲು ತಾನಾಗಿ ನೀರು ಹೀರುವುದು ಕಡಿಮೆ. ಬಿರುಕುಗಳಲ್ಲಿ, ಮೇಲಿನ ಕಾಡಿನ ಮಣ್ಣಿನಲ್ಲಿ ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತದೆ. ತಾಮ್ಹಿಣಿಯಲ್ಲಿ ಒಂದು ಮೋರಿ ಇದೆ. ನವೆಂಬರ್ ಕೊನೆಯಲ್ಲಿ ಬೈಕ್ ಮೇಲೆ ಹೋಗಿ ಅದರ ಕೆಳಗಿನ ಹರಿವು ನೋಡುತ್ತೇನೆ. ಅಲ್ಲಿ ಒಂದು ಗುರುತಿನ ಕಲ್ಲು ಒದ್ದೆ ಇದ್ದರೆ ದೇವಕುಂಡದಲ್ಲಿ ನೀರು ಇದೆ ಅಂತಲೇ ಅರ್ಥ. ಯಾವ ಮೋರಿ ಅಂತ ಹೇಳುವುದಿಲ್ಲ. ಮೂರು ವರ್ಷ ತಿರುಗಿ ಹುಡುಕಿದ್ದು ಅದು.

ಎರಡು, ಹಿಂದಿನ ರಾತ್ರಿಯೇ ಭಿರಾದಲ್ಲಿ ಉಳಿದೆವು. ಊಟಕ್ಕೆ ಅಕ್ಕಿ ಭಾಕ್ರಿ (ರೊಟ್ಟಿ), ಕಡಲೆ ಹಿಟ್ಟಿನ ಪಿಠ್ಲಾ, ಮೆಣಸಿನಕಾಯಿ ಠೇಚಾ. ಊಟ, ಮಲಗುವುದು, ಬೆಳಗಿನ ಚಹಾ ಸೇರಿ ತಲೆಗೆ 500 ಆಸುಪಾಸು. ಗೈಡ್ ಆ ಮನೆಯ ಪಕ್ಕದವರೇ, ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ನಿಂತಿದ್ದರು. ಮನೆ ಯಾರದು ಅಂತಲೂ ಇಲ್ಲಿ ಬರೆಯಲ್ಲ, ಅವರ ಹತ್ತಿರ ಇರುವುದು ಎರಡೇ ಕೋಣೆ.

ಆರೂವರೆಗೆ ಹೊರಟೆವು. ಮೊದಲು ಅಣೆಕಟ್ಟಿನ ಹಿನ್ನೀರಿನ ದಂಡೆ, ಸಮತಟ್ಟು. ನೀರಿನ ಮೇಲೆ ಹಬೆಯಂತೆ ಮಂಜು. ಆಮೇಲೆ ಕಾಡು, ಹಳ್ಳ ದಾಟುವುದು, ಕೊನೆಗೆ ಬಂಡೆ ಹತ್ತುವುದು. ಪೂರ್ವಕ್ಕೆ ಘಟ್ಟದ ಗೋಡೆಯೇ ಇರುವುದರಿಂದ ಬಿಸಿಲು ತಡವಾಗಿ ಇಳಿಯುತ್ತದೆ. ಹಾಗಾಗಿ ಹತ್ತು ಗಂಟೆಯವರೆಗೆ ಅತ್ತೆ ಶಾಲು ಬಿಡಲಿಲ್ಲ, ಬೆವರಲೂ ಇಲ್ಲ. ಎರಡೂವರೆ ತಾಸಿಗೆ ಮುಟ್ಟಿದೆವು. ಕುಂಡ ಹಸಿರು ನೀಲಿ, ತಳ ಕಾಣುವಷ್ಟು ತಿಳಿ. ಹಾಗೆ ಕಂಡರೂ ನಡುವೆ ತುಂಬಾ ಆಳ. ನಮ್ಮವರು ಯಾರೂ ಮೊಣಕಾಲಿಗಿಂತ ಮುಂದೆ ಹೋಗಬಾರದು ಅಂತ ಮೊದಲೇ ಮಾತು ತೆಗೆದುಕೊಂಡಿದ್ದೆ. ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಇನ್ನು ಮಗಳಿಗಾಗಿ ಅಲ್ಲಿ ಮಾಡಿದ ಆಟದ ನೀರಿನ ಗಿರಣಿಯ ಕಥೆ. ಭಿರಾದಲ್ಲಿ ಗುಡ್ಡದಿಂದ ಇಳಿಯುವ ದಪ್ಪ ಪೈಪು ನೋಡಿ ಹಿಂದೊಮ್ಮೆ ಕೇಳಿದ್ದಳು, ಇಲ್ಲಿ ನೀರಿನ ಗಿರಣಿ ಇದೆಯಾ ಅಂತ. ಇದೆ, ದೊಡ್ಡದೇ ಇದೆ, ಹಿಟ್ಟಿನ ಬದಲು ಕರೆಂಟು ಮಾಡುತ್ತದೆ. ಟಾಟಾದವರು 1915ರಲ್ಲಿ ಖೋಪೋಲಿ, 1922ರಲ್ಲಿ ಭಿವ್‌ಪುರಿ, 1927ರಲ್ಲಿ ಭಿರಾ ಅಂತ ಒಂದೊಂದೇ ವಿದ್ಯುತ್ ಕೇಂದ್ರ ಶುರು ಮಾಡಿದರು. ಮುಂಬೈಯ ಎಷ್ಟೋ ಬಟ್ಟೆ ಗಿರಣಿಗಳು ಆ ಕರೆಂಟಿನಿಂದ ತಿರುಗಿದವು. ಭಿರಾಕ್ಕೆ ಬರುವುದು ಮುಳಶಿ ಕೆರೆಯ ನೀರು, ಸುಮಾರು 500 ಮೀಟರ್ ಮೇಲಿಂದ. ಆ ಕೆರೆಗಾಗಿ ಹೊಲ ಮುಳುಗುತ್ತದೆ ಅಂತ ರೈತರು 1921ರಿಂದ 1924ರವರೆಗೆ ಸತ್ಯಾಗ್ರಹ ಮಾಡಿದರು, ಸೇನಾಪತಿ ಬಾಪಟ್ ಮುಂದಾಳು. ಆದರೂ ಕೆರೆ ಆಯಿತು.

ನಮ್ಮೂರು ಅಫಜಲಪುರ ತಾಲೂಕು, ಭೀಮಾ ದಂಡೆ. ಮುಳಶಿ ಕೆರೆ ಇರುವುದು ಮುಳಾ ನದಿಗೆ. ಮುಳಾ ಮುಠಾ ಕೂಡಿ ಭೀಮೆಗೆ ಸೇರಿ, ನಮ್ಮೂರ ಮುಂದೆ ಹಾದು, ರಾಯಚೂರು ಜಿಲ್ಲೆಯ ಹತ್ತಿರ ಕೃಷ್ಣೆಗೆ ಸೇರುತ್ತದೆ. ಆ ನೀರನ್ನು ಇಲ್ಲಿ ಪಶ್ಚಿಮಕ್ಕೆ ಇಳಿಸಿಬಿಟ್ಟಿದ್ದಾರೆ. ಕರೆಂಟು ಮಾಡಿ ಮುಗಿದ ನೀರು ಕುಂಡಲಿಕಾ ನದಿ ಸೇರುತ್ತದೆ, ಕೋಲಾಡದಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಅದರಿಂದಲೇ. ಹಿನ್ನೀರಿನ ದಂಡೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಅಂದ್ರ ಇದು ನಮ್ಮ ಭೀಮವ್ವನ ನೀರೇನಪಾ?" ಅಂದು ಬಗ್ಗಿ ಕಣ್ಣಿಗೆ ಒತ್ತಿಕೊಂಡರು.

ಮಗಳ ಗಿರಣಿ ಮಾಡಿದ್ದು ಹೀಗೆ: ದಪ್ಪ ಗಜ್ಜರಿಯ ಒಂದು ತುಂಡು, ಸುತ್ತ ಎಂಟು ಪ್ಲಾಸ್ಟಿಕ್ ಚಮಚ, ನಡುವೆ ಸೈಕಲ್ ಕಡ್ಡಿ. ಹರಿಯುವ ಹಳ್ಳದಲ್ಲಿ ಹಿಡಿದರೆ ಸೋಮಾರಿಯಾಗಿ ತಿರುಗಿತು, ನಿಮಿಷಕ್ಕೆ ಹತ್ತು ಹನ್ನೆರಡು ಸುತ್ತು. ನೀರು ಜಾಸ್ತಿ, ಆದರೆ ರಭಸ ಇಲ್ಲ. ಆಮೇಲೆ ಮೂರು ಮೀಟರ್ ತೋಟದ ಪೈಪು ತೆಗೆದೆವು. ಒಂದು ತುದಿ ಮೇಲಿನ ಸಣ್ಣ ಝರಿಗೆ, ಇನ್ನೊಂದು ತುದಿಗೆ ಪೆನ್ನಿನ ಕೊಳವೆ ತುರುಕಿ ಬಾಯಿ ಸಣ್ಣ ಮಾಡಿದೆ. ಬೆರಳು ದಪ್ಪವೂ ಇಲ್ಲದ ಧಾರೆ. ಚಮಚದ ಹೊಟ್ಟೆಗೆ ಬಿದ್ದದ್ದೇ ತಡ, ಚಕ್ರ ಗುಂಯ್ ಅಂತು. ಎಂಟು ಚಮಚ ಕರಗಿ ಒಂದು ಬಿಳಿ ಬಳೆಯಂತೆ ಕಂಡವು. ಎರಡು ಚಮಚ ಹಾರಿ ಹೋದವು, ಹುಡುಕಿ ತಂದೆವು. ಚಮಚದ ಬೆನ್ನು ತಿರುಗಿಸಿ ಕೊಟ್ಟರೆ ಅದೇ ಧಾರೆಗೆ ಅರ್ಧ ವೇಗವೂ ಬರಲಿಲ್ಲ. 1880ರಲ್ಲಿ ಅಮೆರಿಕದ ಲೆಸ್ಟರ್ ಪೆಲ್ಟನ್ ಪೇಟೆಂಟ್ ಪಡೆದ ಚಕ್ರದಲ್ಲಿ ಇಂಥ ಎರಡು ಬಟ್ಟಲು ಜೋಡಿಯಾಗಿ ಇರುತ್ತವೆ, ಧಾರೆ ನಡುವಿನ ಚೂಪು ಅಂಚಿಗೆ ಬಿದ್ದು ಎರಡೂ ಕಡೆ ಸೀಳುತ್ತದೆ. ಮುಂದಿನ ಸಲ ಎರಡೆರಡು ಚಮಚ ಅಂಟಿಸಿ ನೋಡಬೇಕು. ಗಜ್ಜರಿ ಬೇಡ, ಬೇಗ ಸಡಿಲ ಆಗುತ್ತದೆ, ಮರದ ಬುಗುರಿ ಒಳ್ಳೆಯದು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. 50 ರೊಟ್ಟಿ ಒಯ್ದಿದ್ದೆವು, ಹಿಂದೆ ಬರುವಾಗ ಮೂರು ಉಳಿದಿದ್ದವು.

ಖರ್ಚು ಈ ಸಲ ಟೆಂಪೊ 9,000, ಉಳಿಯುವುದು ಊಟ 6,500, ಗೈಡ್ 1,000, ಪ್ರವೇಶ, ಚಹಾ ಎಲ್ಲ ಸೇರಿ ಇನ್ನೊಂದು ಸಾವಿರ. ತಲೆಗೆ 1,350ರ ಹತ್ತಿರ ಬಂತು. "ಬರೇ ಬಂಡಿಗಲ್ಲಾ" ಅಂದಿದ್ದ ಗೆಳೆಯ ಮುಂದಿನ ಡಿಸೆಂಬರ್‌ಗೆ ಈಗಲೇ ಎರಡು ಸೀಟು ಹೇಳಿದ್ದಾನೆ. ಮೋರಿ ನೋಡಿ ಬಂದ ಮೇಲೆ ತಾರೀಖು ಹೇಳ್ತೀನಿ ಅಂದಿದ್ದೇನೆ.