ಪಂದಿ ಕರಿಗೆ ಮೊರ್ಗೋನ್: ನಾಲ್ಕು ಸಲ ಕೆಟ್ಟು ಐದನೇ ಸಲ ಕೂಡಿಬಂದ ಜೋಡಿ

ಖಾರದ ಮಾಂಸಕ್ಕೆ ಕೆಂಪು ವೈನ್ ಆಗೋದಿಲ್ಲ, ರೀಸ್ಲಿಂಗ್‌ನಂಥ ಬಿಳಿ ವೈನೋ ಬಿಯರೋ ಕೊಡು ಅಂತ ಫ್ರಾನ್ಸ್‌ನ ಲಿಯೋನ್‌ನಲ್ಲಿ ನನಗೆ ಹೇಳದವರಿಲ್ಲ. ಜೊತೆಗೆ ಅಡುಗೆ ಮಾಡುವವರೂ ಅದನ್ನೇ ಹೇಳಿದರು. ಹೋದ ತಿಂಗಳು ಮನೆಯಲ್ಲಿ ಹತ್ತು ಜನರಿಗೆ ಕೊಡಗಿನ ಹಂದಿಮಾಂಸದ ಪಂದಿ ಕರಿ, ಅಕ್ಕಿ ಉಂಡೆ ಕಡಂಬುಟ್ಟು ಬಡಿಸಿ ಪಕ್ಕದಲ್ಲಿ ಮೊರ್ಗೋನ್ ಇಟ್ಟೆ, ಬೋಜೊಲೆ ಪ್ರದೇಶದ ಕೆಂಪು ವೈನ್. ಆರು ಬಾಟಲಿ ಖಾಲಿ. ಬೇಡ ಅಂದಿದ್ದವನೇ ಇನ್ನೊಂದು ಇದೆಯಾ ಅಂತ ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ಹೆಸರು ನೋಡಿ ಬೋರ್ಡೋ ತಂದೆ. ಇನ್ನೂ ಎಳೆಯದು, ಒಂದಕ್ಕೆ 25 ಯೂರೋ ಹತ್ತಿರ. ಬಾಯಲ್ಲಿ ಕಾಳುಮೆಣಸಿನ ಉರಿ, ಮೇಲೆ ಆ ವೈನಿನ ಒಗರು. ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿದುಕೊಂಡಿತು. ಆಮೇಲೆ ಶಾತೋನಫ್-ದು-ಪಾಪ್ ಅನ್ನುವ ಇನ್ನೊಂದು ಕೆಂಪು ವೈನ್. ಅದು ಇನ್ನೂ ದುಬಾರಿ. ಒಗರು ಕಡಿಮೆಯೇನೋ ಹೌದು, ಆದರೆ ನಾನು ತಂದದ್ದರಲ್ಲಿ ಆಲ್ಕೋಹಾಲ್ ಶೇಕಡಾ 15ರ ಹತ್ತಿರ ಇತ್ತು. ಖಾರ ಎರಡು ಪಟ್ಟಾಯಿತು. ಮೂರನೆಯದು ನವೆಂಬರ್‌ನ ಮೂರನೇ ಗುರುವಾರ ಬರುವ ಬೋಜೊಲೆ ನೂವೋ, ಆ ವರ್ಷದ್ದೇ ಹೊಸ ವೈನ್. ಅಗ್ಗ, ಆರೇಳು ಯೂರೋ. ಬಾಳೆಹಣ್ಣಿನ ವಾಸನೆ ಹೊಡೆಯಿತು, ಕರಿಯ ಮುಂದೆ ನೀರಾಯಿತು. ಎಲ್ಲಾ ಸೇರಿ 250 ಯೂರೋ ಆದರೂ ಹೋಗಿರಬೇಕು.

ದಾರಿ ತೋರಿಸಿದ್ದು ಕಾಚಂಪುಳಿ, ಪಂದಿ ಕರಿಗೆ ಹಾಕುವ ಹುಳಿರಸ. ವಿರಾಜಪೇಟೆಯಿಂದ ಅಮ್ಮ ಕಳಿಸಿದ್ದು. ಒಂದು ಸಂಜೆ ಬೆರಳ ತುದಿಗೆ ಒಂದು ಹನಿ ಬಿಟ್ಟುಕೊಂಡೆ. ಕಪ್ಪಗೆ, ಕಾಕಂಬಿಯಷ್ಟು ಮಂದ, ಜಾರದೆ ನಿಂತಿತ್ತು. ನೆಕ್ಕಿ, ತೆರೆದಿಟ್ಟಿದ್ದ ನಾಲ್ಕು ವೈನ್‌ಗಳನ್ನು ಒಂದೊಂದೇ ಗುಟುಕು ಕುಡಿದು ನೋಡಿದೆ. ಮೂರು ಸಪ್ಪೆಯಾದವು. ಹುಳಿ ಜಾಸ್ತಿ ಇದ್ದ ಮೊರ್ಗೋನ್ ಮಾತ್ರ ಮಾಗಿದ ಚೆರ್ರಿ ಹಣ್ಣಿನ ಹಾಗೆ ಬಾಯ್ತುಂಬ ಹರಡಿತು. ಹುಳಿಗೆ ಹುಳಿಯೇ ಬೇಕು, ಒಗರು ಬೇಡ. ಮೊರ್ಗೋನ್ ಮಾಡುವ ಗಾಮೆ ದ್ರಾಕ್ಷಿಯ ಗುಣವೇ ಅದು ಅಲ್ವಾ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿಯನ್ನು ಕೆಟ್ಟದ್ದೆಂದು ಕಿತ್ತುಹಾಕಿಸಲು ಹೊರಟಿದ್ದ. ಬೋಜೊಲೆಯ ಗ್ರಾನೈಟ್ ಗುಡ್ಡಗಳು ಅದನ್ನು ಉಳಿಸಿಕೊಂಡವು. ಅಲ್ಲಿನ ಹತ್ತು ಕ್ರೂಗಳಲ್ಲಿ, ಅಂದರೆ ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಹೆಸರಾಂತ ಜಾಗಗಳಲ್ಲಿ, ಫ್ಲೂರಿ ನಯ, ಶಿರೂಬ್ಲ್ ಹಗುರ. ಹಂದಿಯ ಕೊಬ್ಬಿಗೆ ತಡೆದು ನಿಲ್ಲುವುದು ಮೊರ್ಗೋನ್, ಅದರಲ್ಲೂ ಕೋತ್ ದು ಪಿ ಗುಡ್ಡದ್ದು. ನಾನು ತರುವುದು 15–18 ಯೂರೋ ಒಳಗೆ.

ಆದರೂ ನಾಲ್ಕನೇ ಸಲ ಕೆಟ್ಟಿತು. ಜುಲೈ ತಿಂಗಳು, ಮನೆಯೊಳಗೆ 28 ಡಿಗ್ರಿ. ಬಾಟಲಿ ಮೇಜಿನ ಮೇಲೇ ಇತ್ತು. ಅದೇ ವೈನ್, ಬರೀ ಆಲ್ಕೋಹಾಲ್ ಘಾಟು. ಈಗ ಫ್ರಿಜ್‌ನಲ್ಲಿಟ್ಟು ತಣ್ಣಗಾದ ಮೇಲೆ 13 ಡಿಗ್ರಿ ಆಸುಪಾಸಿನಲ್ಲಿ ಸುರಿಯುತ್ತೇನೆ. ಕರಿಯಲ್ಲಿ ಹಸಿಮೆಣಸು ಪೂರ್ತಿ ಬಿಟ್ಟೆ, ಕಾಳುಮೆಣಸು ಊರಿನಲ್ಲಿ ಹಾಕುವುದರ ಮುಕ್ಕಾಲು ಪಾಲು. ಕಾಚಂಪುಳಿಯನ್ನು ಎರಡು ಸಲ ಹಾಕುತ್ತೇನೆ. ಎರಡನೆಯದು ಯಾವಾಗ ಅನ್ನುವುದನ್ನು ಇಲ್ಲಿ ಬರೆಯೋದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಇಲ್ಲಿಯವರು ಕೋಳಿಯನ್ನು ವೈನ್‌ನಲ್ಲಿ ಬೇಯಿಸುತ್ತಾರಲ್ಲ, ಹಾಗೇ ಅರ್ಧ ಬಾಟಲಿ ಪಂದಿ ಕರಿಗೇ ಸುರಿದೆ. ಎರಡು ಕಿಲೋ ಮಾಂಸ ಹುಳಿಯಾಗಿ ಹಾಳಾಯಿತು. ಬದನೆಕಾಯಿ ಎಣ್ಣೆಗಾಯಿಗೆ ಫ್ಲೂರಿ ಅದ್ಭುತ. ಕಡಲೆಕಾಯಿ, ಎಳ್ಳಿನ ಜೊತೆ ಅದು ಇನ್ನೂ ಘಮಘಮಿಸುತ್ತದೆ. ಹೋಳಿಗೆಗೆ ಮಾತ್ರ ಯಾವ ಬೋಜೊಲೆಯೂ ಬೇಡ, ಬೆಲ್ಲದ ಮುಂದೆ ವೈನ್ ಬರೀ ಹುಳಿ. ಊಟದ ಕೊನೆಗೆ ಬಿಸಿ ಅಕ್ಕಿ ರೊಟ್ಟಿಯ ಮೇಲೆ ಕರಗುವ ಸೇಂ-ಮಾರ್ಸೆಲಾನ್ ಚೀಸ್, ಉಳಿದ ಮೊರ್ಗೋನ್. ಇದನ್ನು ಒಮ್ಮೆ ಮಾಡಿ ನೋಡಿ.

ಮುಂದಿನದು ಮುಲ್ಯಾನ್-ಆ-ವಾನ್. ಕ್ರೂಗಳಲ್ಲಿ ಅದು ಗಟ್ಟಿ, ವರ್ಷಗಟ್ಟಲೆ ಇಟ್ಟರೂ ತಾಳುತ್ತದೆ. ಆರು ಬಾಟಲಿ ನೆಲಮಾಳಿಗೆಯಲ್ಲಿ ಮಲಗಿಸಿದ್ದೇನೆ. ಐದು ವರ್ಷ ಮುಟ್ಟುವುದಿಲ್ಲ. ಅಷ್ಟರೊಳಗೆ ಕಾಡುಹಂದಿ ಮಾಂಸ ಕೊಡುವವರನ್ನು ಹುಡುಕಬೇಕು.